ಹೊಸ ಎಲೆಕ್ಟ್ರಿಕ್ ಗಿಟಾರ್ ಶ್ರುತಿಯಲ್ಲಿ ನಿಲ್ಲುತ್ತಿಲ್ಲ. ಮಳೆಗಾಲದ ಥಂಡಿ ಕಾರಣವೇ?

ನೀರ್ಚಾಲಿನ ಮದ್ದಳೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ನೀರ್ಚಾಲಿನವನು. ಅಡಿಕೆ ತೋಟ ಇದೆ. ಹದಿನಾರು ವರ್ಷದಿಂದ ನಮ್ಮೂರಿನ ಯಕ್ಷಗಾನ ಸಂಘದಲ್ಲಿ ಮದ್ದಳೆ ಬಾರಿಸುತ್ತೇನೆ. ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆದ ಮೇಲೆ ಯಕ್ಷಗಾನದ ಆಟಗಳು ನಿಲ್ಲುತ್ತವೆ. ಅಲ್ಲೊಂದು ಇಲ್ಲೊಂದು ತಾಳಮದ್ದಳೆ ಬಿಟ್ಟರೆ ಸಂಜೆ ಬಿಡುವು. ಬಹಳ ವರ್ಷದ ಆಸೆ ಇತ್ತು. ಈ ಸಲ ಮಂಗಳೂರಿಗೆ ಹೋಗಿ ಎಲೆಕ್ಟ್ರಿಕ್ ಗಿಟಾರ್ ತಂದೆ. ಸ್ಟ್ರಾಟೊಕಾಸ್ಟರ್ ಎಂಬ ಮಾದರಿಯ ಆಕಾರದ್ದು, ಟ್ರೆಮೊಲೊ ಬಾರ್ (ಒತ್ತಿ ಸ್ವರ ಅಲುಗಾಡಿಸುವ ಕೋಲು) ಇದೆ.

ಮೂರು ವಾರ ಆಯಿತು. ಒಂದು ದಿನವೂ ಶ್ರುತಿಯಲ್ಲಿ ನಿಂತಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಕೂರಿಸುತ್ತೇನೆ. ಸಂಜೆ ಬಂದು ಮೀಟಿದರೆ ಎಲ್ಲ ತಂತಿಯೂ (ದಪ್ಪದರಿಂದ ಸಣ್ಣದರ ತನಕ ಇ, ಎ, ಡಿ, ಜಿ, ಬಿ, ಇ) ಇಳಿದಿರುತ್ತದೆ. ಜಿ ತಂತಿ ಮಾತ್ರ ಕೆಲವು ಸಲ ಏರಿರುತ್ತದೆ. ಅದರ ಕಿವಿ (ತಂತಿ ಬಿಗಿಯುವ ತಿರುಗಣಿ) ತಿರುಗಿಸುವಾಗ ಮೊದಲು ಏನೂ ಆಗುವುದಿಲ್ಲ. ಆಮೇಲೆ ಟಿಕ್ ಅಂತ ಸದ್ದು ಬಂದು ಒಮ್ಮೆಗೇ ಜಿಗಿಯುತ್ತದೆ. ದಪ್ಪ ಇ ಸರಿಮಾಡಿ ಸಣ್ಣ ಇ ತನಕ ಬಂದರೆ, ಅಷ್ಟರಲ್ಲಿ ದಪ್ಪ ಇ ಮತ್ತೆ ಇಳಿದಿರುತ್ತದೆ. ಬಾರ್ ಒತ್ತಿದರೆ ಕೇಳುವುದೇ ಬೇಡ.

ಇನ್ನೂ ಒಂದು ಸಂಶಯ. ಟ್ಯೂನರ್ (ಶ್ರುತಿ ತೋರಿಸುವ ಉಪಕರಣ) ಸರಿ ಅಂತ ಹಸಿರು ತೋರಿಸಿದರೂ ಬಿ ತಂತಿ ನನ್ನ ಕಿವಿಗೆ ಸ್ವಲ್ಪ ಏರಿದಂತೆ ಕೇಳುತ್ತದೆ. ಜಿ ಜೊತೆ ಹಿತವಾಗುವ ಹಾಗೆ ಇಳಿಸಿದರೆ ಸಣ್ಣ ಇ ಜೊತೆ ಕೆಡುತ್ತದೆ.

ಅಂಗಡಿಯಲ್ಲಿ ಮೊದಲಿದ್ದ ತಂತಿ ತೆಗೆದು, "ಇದು ಜಾಸ್ತಿ ದಿನ ಬಾಳುತ್ತದೆ" ಅಂತ ಬೇರೆ ಸೆಟ್ ಹಾಕಿಕೊಟ್ಟಿದ್ದರು. ಮದ್ದಳೆಯ ಚರ್ಮ ಥಂಡಿಗೆ ಇಳಿಯುವುದನ್ನು ನಾನು ಮಳೆಗಾಲದ ಪ್ರತಿ ಆಟಿ ತಿಂಗಳಲ್ಲೂ ಕಂಡವನು. ಗಿಟಾರಿನ ಮರಕ್ಕೂ ಹಾಗೆಯೇ ಆಗುತ್ತದೆಯೇ? ಅಡಿಗೆಮನೆಯ ಅಟ್ಟದಲ್ಲಿ ಬೆಚ್ಚಗೆ ಇಡಲೇ?

ಉಪ್ಪಳದ ಆರು ತಂತಿ

ಮೊದಲಿಗೆ, ಅಟ್ಟದಲ್ಲಿ ಇಡಬೇಡಿ ಮಾರಾಯ್ರೆ. ಒಲೆ ಹೊತ್ತಿದಾಗ ಬಿಸಿ, ರಾತ್ರಿ ತಂಪು. ಉಕ್ಕಿನ ತಂತಿ ಬಿಸಿಗೆ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಕುತ್ತಿಗೆಯ ಮರಕ್ಕೂ ಒಳ್ಳೆಯದಲ್ಲ.

ನಾನು ಗಾನಮೇಳಗಳಲ್ಲಿ ಹನ್ನೆರಡು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ನಿಮ್ಮ ಮಾತಿನಲ್ಲೇ ಉತ್ತರ ಇದೆ. ಮಳೆಯ ಮೇಲಿನ ಸಂಶಯ ಸದ್ಯ ಬಿಡಿ. ಎಲೆಕ್ಟ್ರಿಕ್ ಗಿಟಾರಿನ ಒಡಲು ಗಟ್ಟಿ ಮರದ ತುಂಡು, ಮೇಲೆ ದಪ್ಪ ಪಾಲಿಶ್. ಥಂಡಿಗೆ ಕುತ್ತಿಗೆ ಬಾಗುವುದು ಹೌದು. ಆದರೆ ಅದು ದಿನಗಳು, ವಾರಗಳ ಲೆಕ್ಕ. ಬೆಳಿಗ್ಗೆಯಿಂದ ಸಂಜೆಯೊಳಗೆ ಇಷ್ಟು ಕೆಡುವುದಿಲ್ಲ.

ನನ್ನ ಅನುಮಾನ ಆ ತಂತಿಯ ಸೆಟ್ ಮೇಲೆ. ಇಂಥ ಗಿಟಾರ್‌ಗಳು ಸಾಮಾನ್ಯವಾಗಿ 9ರ ಸೆಟ್ ಹಾಕಿ ಬರುತ್ತವೆ. ಅಂದರೆ ಸಣ್ಣ ಇ 0.009 ಇಂಚು, ದಪ್ಪ ಇ 0.042. ನಿಮಗೆ 10ರ ಸೆಟ್ ಹಾಕಿರಬೇಕು, 0.010ರಿಂದ 0.046. ಕಣ್ಣಿಗೆ ಇದು ಏನೂ ಅಲ್ಲ. ಆದರೆ 9ರ ಸೆಟ್ಟಿನ ಆರೂ ತಂತಿ ಸೇರಿ ಎಳೆಯುವುದು ಸುಮಾರು 38 ಕಿಲೋ. 10ರದ್ದು ಸುಮಾರು 47 ಕಿಲೋ.

ಇದರಿಂದ ಎರಡು ತೊಂದರೆ. ಒಂದು, ನಟ್. ತಂತಿಗಳು ಕುತ್ತಿಗೆ ದಾಟಿ ಕಿವಿಗಳ ಕಡೆ ಹೋಗುವಲ್ಲಿ ಬಿಳಿ ಪಟ್ಟಿ ಇದೆಯಲ್ವಾ, ಅದು. ಅದರ ಗೀರುಗಳು ಸಣ್ಣ ತಂತಿಯ ಅಳತೆಗೆ ಕೊರೆದದ್ದು. ದಪ್ಪ ತಂತಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನೀವು ಕಿವಿ ತಿರುಗಿಸಿದಾಗ ಬಿಗಿತ ನಟ್‌ನ ಆಚೆ ಬದಿಯಲ್ಲೇ ತುಂಬಿಕೊಳ್ಳುತ್ತದೆ. ಜಾಸ್ತಿಯಾದಾಗ ಟಿಕ್ ಅಂತ ಜಾರುತ್ತದೆ. ನುಡಿಸುವಾಗಲೂ ಹೀಗೆಯೇ ಜಾರುತ್ತದೆ, ಆಗ ಶ್ರುತಿ ಏರಿ ನಿಲ್ಲುತ್ತದೆ. ಜಿ ತಂತಿಯಲ್ಲೇ ಯಾಕೆ ಅಂದರೆ, ಸುತ್ತು ಇಲ್ಲದ ಮೂರರಲ್ಲಿ ಅದೇ ದಪ್ಪದ್ದು. ಸ್ವಲ್ಪ ಎಳೆದರೂ ಅದರ ಸ್ವರ ಉಳಿದವುಗಳಿಗಿಂತ ಜಾಸ್ತಿ ಅಲುಗಾಡುತ್ತದೆ.

ಎರಡು, ಬ್ರಿಡ್ಜ್. ಒಡಲಿನ ಮೇಲೆ ತಂತಿಗಳು ಕೂರುವ ಲೋಹದ ಭಾಗ ಅದು. ಗಿಟಾರನ್ನು ಪಕ್ಕದಿಂದ ನೋಡಿ. ಬ್ರಿಡ್ಜಿನ ಹಿಂಬದಿ ಮರದಿಂದ ಎದ್ದು ನಿಂತಿದೆಯೇ? ಟ್ರೆಮೊಲೊ ಬ್ರಿಡ್ಜ್ ತಕ್ಕಡಿ ಇದ್ದ ಹಾಗೆ. ಒಂದು ಕಡೆ ತಂತಿ ಎಳೆಯುತ್ತದೆ, ಇನ್ನೊಂದು ಕಡೆ ಬೆನ್ನಿನ ಒಳಗಿರುವ ಸ್ಪ್ರಿಂಗ್‌ಗಳು. ಒಂದು ತಂತಿ ಬಿಗಿದರೆ ಬ್ರಿಡ್ಜ್ ಸ್ವಲ್ಪ ಏಳುತ್ತದೆ, ಉಳಿದ ಐದೂ ಇಳಿಯುತ್ತವೆ. ನೀವು ಸಣ್ಣ ಇ ಮುಟ್ಟುವಷ್ಟರಲ್ಲಿ ದಪ್ಪ ಇ ಇಳಿದದ್ದು ಹೀಗೆ.

ನಾನಾದರೆ ಈಗ ಬ್ರಿಡ್ಜನ್ನು ಮರಕ್ಕೆ ತಾಗಿಸಿ ಕೂರಿಸಿಬಿಡುತ್ತೇನೆ. ತಂತಿಗಳನ್ನು ಒಂದು ಸ್ವರದಷ್ಟು ಸಡಿಲಿಸಿ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್ ಸಿಕ್ಕಿಸಿದ ಪಟ್ಟಿಗೆ ಎರಡು ಉದ್ದ ಸ್ಕ್ರೂ ಇರುತ್ತವೆ. ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ಎರಡನ್ನೂ ಅರ್ಧರ್ಧ ಸುತ್ತು ಬಿಗಿಯಿರಿ, ಮತ್ತೆ ಶ್ರುತಿ ಮಾಡಿ ನೋಡಿ. ಬ್ರಿಡ್ಜ್ ಮರಕ್ಕೆ ಕೂರುವ ತನಕ ಹೀಗೆ ಮಾಡಿ. ಆಮೇಲೆ ಬಾರ್ ಒತ್ತಿ ಸ್ವರ ಇಳಿಸಬಹುದು, ಎತ್ತಿ ಏರಿಸಲು ಆಗುವುದಿಲ್ಲ. ಕಲಿಯುವವರಿಗೆ ಅಷ್ಟು ಸಾಕು.

ನಟ್‌ಗೆ 2ಬಿ ಪೆನ್ಸಿಲ್ ಸಾಕು. ತಂತಿ ಎತ್ತಿ ಗೀರಿನೊಳಗೆ ಚೆನ್ನಾಗಿ ಉಜ್ಜಿ. ಗೀರು ತೀರಾ ಬಿಗಿಯಾಗಿದ್ದರೆ ಪೆನ್ಸಿಲಿನಿಂದ ಪೂರ್ತಿ ಗುಣವಾಗುವುದಿಲ್ಲ. ಮನೆಯಲ್ಲಿ ಅರ ಹಾಕಿ ಉಜ್ಜಲು ಮಾತ್ರ ಹೋಗಬೇಡಿ. ಒಮ್ಮೆ ಆಳವಾದರೆ ನಟ್ ಬದಲಿಸಲೇಬೇಕು.

ಇನ್ನು ಶ್ರುತಿ ಮಾಡುವಾಗ ಯಾವತ್ತೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಏರಿದ್ದರೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ಏರಿಸಿ. ಆಗ ಕಿವಿಯ ಹಲ್ಲಿನಲ್ಲಿ ಸಡಿಲ ಉಳಿಯುವುದಿಲ್ಲ. ಹೊಸ ತಂತಿಯನ್ನು 12ನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಬೆರಳಿನಿಂದ ಮೆಲ್ಲಗೆ ಎತ್ತಿ ಎಳೆಯಿರಿ, ಶ್ರುತಿ ಮಾಡಿ, ಮತ್ತೆ ಎಳೆಯಿರಿ. ಎಳೆದರೂ ಇಳಿಯದ ತನಕ. ಅಂಗಡಿಯಲ್ಲಿ ಇದಕ್ಕೆ ಹೊತ್ತು ಕೊಟ್ಟಿರಲಿಕ್ಕಿಲ್ಲ.

ಪೆರ್ಲದ ವೀಣೆ

ಬಿ ತಂತಿಯ ಸಂಶಯಕ್ಕೆ ನಾನು ಹೇಳುತ್ತೇನೆ. ನಾನು ಮಕ್ಕಳಿಗೆ ವೀಣೆ ಕಲಿಸುತ್ತೇನೆ. ನಿಮ್ಮ ಕಿವಿ ತಪ್ಪಿಲ್ಲ ಅಣ್ಣ. ಟ್ಯೂನರ್ ಕೂಡ ತಪ್ಪಿಲ್ಲ.

ಜಿ ತಂತಿಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಆಗ ಬಿ ಅಂತರ ಗಾಂಧಾರ. ತಂಬೂರಿಯ ಷಡ್ಜ ಚೆನ್ನಾಗಿ ಕೂತಾಗ ಅದರೊಳಗೇ ಒಂದು ಗಾಂಧಾರ ಕೇಳುತ್ತದಲ್ವಾ? ಅದರ ಲೆಕ್ಕ 5ಕ್ಕೆ 4. ಗಿಟಾರಿನ ಫ್ರೆಟ್ಟುಗಳು ಆ ಲೆಕ್ಕದಲ್ಲಿಲ್ಲ. ಹಾರ್ಮೋನಿಯಂ ಹಾಗೆ, ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ್ದಾರೆ. ಒಂದೊಂದು ಪಾಲು 100 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾನ). ಗಿಟಾರಿನ ಗಾಂಧಾರ 400 ಸೆಂಟಿಗೆ ಬರುತ್ತದೆ, ತಂಬೂರಿಯದ್ದು 386ಕ್ಕೆ. ಆ 14 ಸೆಂಟ್ ನಿಮಗೆ ಏರಿದಂತೆ ಕೇಳುತ್ತಿದೆ. ಭಾಗವತರ ಪಕ್ಕದಲ್ಲಿ ಅಷ್ಟು ವರ್ಷ ಕೂತ ಕಿವಿಗೆ ಕೇಳಲೇಬೇಕು.

ಬಿ ಇಳಿಸಿದರೆ ಜಿ ಜೊತೆ ಸುಖ, ಆದರೆ ಸಣ್ಣ ಇ ಜೊತೆ ಅದೇ 14 ಸೆಂಟ್ ತಪ್ಪು. ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸುವುದಾದರೆ ಟ್ಯೂನರ್ ಹೇಳಿದಂತೆ ಇಡಿ. ಒಂದೇ ತಂತಿಯಲ್ಲಿ ರಾಗ ನುಡಿಸುವಾಗ ಗಾಂಧಾರವನ್ನು ಕೆಳಗಿನ ಫ್ರೆಟ್ಟಿನಿಂದ ಎಳೆದು ನಿಮ್ಮ ಕಿವಿಗೆ ಬೇಕಾದಲ್ಲಿ ನಿಲ್ಲಿಸಬಹುದು. ನನಗೆ ಅದು ತುಂಬ ಇಷ್ಟ.

ಅಕ್ಕಲಕೋಟದವ

ನಮ್ಮ ಕಡೆ ಬಿಸಿಲು ನೋಡ್ರಿ, ನಿಮ್ಮ ಮಳೆಯ ಹಂಗಲ್ಲ. ಆದರೂ ಒಂದು ಮಾತು. ಮಳೆಗಾಲದಲ್ಲಿ, ಅದೂ ಸಮುದ್ರದ ಕಡೆ, ತಂತಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ತಂತಿ ನಟ್‌ನಲ್ಲಿ ಇನ್ನೂ ಜಾಸ್ತಿ ಸಿಕ್ಕಿಕೊಳ್ಳುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒಂದೊಂದೇ ತಂತಿ ಒರೆಸಿರಿ. ತೇವ ಇರುವ ಗೋಡೆಗೆ ತೂಗುಹಾಕಬೇಡಿರಿ.

ನೀರ್ಚಾಲಿನ ಮದ್ದಳೆ

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊದಲು ಕರೆಂಟು ಇರಲಿಲ್ಲ, ಆಮೇಲೆ ನೆಟ್‌ವರ್ಕ್ ಇರಲಿಲ್ಲ.

ಉಪ್ಪಳದವರೇ, ನೀವು ಬಂದು ನೋಡಿದ ಹಾಗೆ ಹೇಳಿದಿರಿ. ಬ್ರಿಡ್ಜಿನ ಹಿಂಬದಿಯಲ್ಲಿ ಎರಡು ಐದು ರೂಪಾಯಿ ನಾಣ್ಯ ತೂರುವಷ್ಟು ಸಂದಿ ಇತ್ತು. ಅಂಗಡಿಗೆ ಫೋನ್ ಮಾಡಿ ಕೇಳಿದೆ. ಹಾಕಿದ್ದು 10ರ ಸೆಟ್ಟೇ. ಬ್ರಿಡ್ಜ್ ಕೂರಿಸಲು ಒಂದು ಸಂಜೆ ಪೂರ್ತಿ ಬೇಕಾಯಿತು. ಹೊರಗೆ ಮಳೆ ಹೊಯ್ಯುತ್ತಿತ್ತು, ನಾನು ಚಾವಡಿಯಲ್ಲಿ ಟಾರ್ಚ್ ಇಟ್ಟುಕೊಂಡು ಅರ್ಧರ್ಧ ಸುತ್ತು ತಿರುಗಿಸುತ್ತಿದ್ದೆ. ಕೊನೆಗೆ ಕೂತಿತು. ಆರು ತಂತಿಯೂ ಒಂದೇ ಸುತ್ತಿನಲ್ಲಿ ಶ್ರುತಿಗೆ ಬಂದಾಗ ಆದ ಸಂತೋಷ ಹೇಳಲು ಆಗುವುದಿಲ್ಲ.

ಪೆನ್ಸಿಲ್ ಹಾಕಿದ ಮೇಲೆ ಟಿಕ್ ಸದ್ದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿನ್ನೆ ಬೆಳಿಗ್ಗೆ ಕೂರಿಸಿದ್ದು ಸಂಜೆಗೆ ಐದು ತಂತಿಯಲ್ಲಿ ಹಾಗೆಯೇ ಇತ್ತು. ಜಿ ಮಾತ್ರ ಕೂದಲೆಳೆಯಷ್ಟು ಏರಿತ್ತು. ಅಕ್ಕಾ, ನೀವು ಹೇಳಿದ ಹಾಗೆ ಗಾಂಧಾರ ಎಳೆದು ನೋಡಿದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಮೋಹನ ರಾಗ ಒಂದನ್ನೇ ರಾತ್ರಿ ಹನ್ನೊಂದರ ತನಕ ನುಡಿಸಿದೆ.

ಈಗ 9ರ ಸೆಟ್ ಹಾಕಿದರೆ ಬ್ರಿಡ್ಜ್ ಮತ್ತೆ ಏಳುತ್ತದೆಯೇ?

ಉಪ್ಪಳದ ಆರು ತಂತಿ

ಏಳುವುದಿಲ್ಲ. ಎಳೆತ ಕಡಿಮೆಯಾಗುತ್ತದೆ, ಇನ್ನೂ ಗಟ್ಟಿಯಾಗಿ ಕೂರುತ್ತದೆ. ಬಾರ್ ತೀರಾ ಬಿಗಿ ಅನ್ನಿಸಿದರೆ ಆ ಎರಡು ಸ್ಕ್ರೂ ಸ್ವಲ್ಪ ಸಡಿಲಿಸಿ. ಸುತ್ತಿಲ್ಲದ ತಂತಿಗೆ ಕಿವಿಯ ಕಂಬದಲ್ಲಿ ಮೂರು ಸುತ್ತು ಸಾಕು, ಒಂದರ ಕೆಳಗೆ ಒಂದು ಬರಲಿ. ಎಲ್ಲ ತಂತಿ ಒಮ್ಮೆಗೇ ಬಿಚ್ಚಬೇಡಿ, ಒಂದು ಬಿಚ್ಚಿ ಒಂದು ಹಾಕಿ.

ನೀರ್ಚಾಲಿನ ಮದ್ದಳೆ

ಆಯಿತು. ನಾಳೆ ಬದಿಯಡ್ಕದಲ್ಲಿ ತಾಳಮದ್ದಳೆ ಇದೆ. ನಾಡಿದ್ದು ಬಸ್ಸು ಹತ್ತಿ ಮಂಗಳೂರಿಗೆ ಹೋಗಿ 9ರ ಸೆಟ್ ಎರಡು ತರುತ್ತೇನೆ.