‘ಪ್ರಜ್ಞಾಪೂರ್ವಕ ಉಡುಪು’ ಬದಲು ಯಾವ ಮಾತು?

ಗೆಳೆಯರೇ,

ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ಸುಮ್ನೆ ಹಾಕಿಕೊಳ್ಳದೆ, ಇವತ್ತಿನ ಕೆಲಸ ಏನು, ಎಷ್ಟು ನಡೆಯಬೇಕು, ಎಷ್ಟು ಹೊತ್ತು ಕೂರಬೇಕು, ಮೈಗೆ ಯಾವುದು ಹಿತ ಅಂತ ಒಂದು ಗಳಿಗೆ ನಿಂತು ಬಟ್ಟೆ ಆರಿಸುವುದರ ಬಗ್ಗೆ ಚಿಕ್ಕ ಬರಹ ಬರೆಯುತ್ತಿದ್ದೇನೆ. ಆ ಕೆಲಸಕ್ಕೆ ಸರಿಯಾದ ಹೆಸರು ಸಿಗುತ್ತಿಲ್ಲ.

ಮೊದಲು ‘ಪ್ರಜ್ಞಾಪೂರ್ವಕ ಉಡುಪು’ ಅಂತ ಬರೆದು ಹೊಡೆದುಹಾಕಿದೆ. ಗಮನ ಇರಬೇಕಾದದ್ದು ಉಡುವವರಿಗೆ, ಉಡುಪಿಗಲ್ಲ, ಅಲ್ವಾ? ‘ಬೇಕೆಂದೇ ಉಡುವುದು’ ಅನ್ನೋಣವೆಂದರೆ, ‘ಬೇಕಂತಲೇ ಮಾಡಿದ’ ಅನ್ನುವುದು ನಮ್ಮಲ್ಲಿ ದೂರಿನ ಮಾತು. ‘ಸಾವಧಾನ’ದಲ್ಲಿ ಇರುವುದು ಅವಧಾನ, ಅಂದರೆ ಗಮನವೇ. ಆದರೆ ಕನ್ನಡಕ್ಕೆ ಬಂದಮೇಲೆ ಅದು ನಿಧಾನದ ಕಡೆಗೆ ಸರಿದಿದೆ. ‘ಸಾವಧಾನವಾಗಿ ಉಟ್ಟರು’ ಅಂದರೆ ತುಂಬಾ ಹೊತ್ತು ತಗೊಂಡರು ಅಂತಲೇ ಕೇಳಿಸುತ್ತದೆ.

ಬಟ್ಟೆಗೆ ‘ಅರಿವೆ’ ಅನ್ನುವವರೂ ಇದ್ದಾರೆ. ಅದನ್ನು ‘ಅರಿವಿ’ನ ಜೊತೆ ಕೂಡಿಸಲು ಆಸೆಯಾಯಿತು. ಆದರೆ ಎರಡರ ಬೇರೂ ಬೇರೆ. ಅರಿವೆ ಬಂದದ್ದು ಕತ್ತರಿಸು ಅನ್ನುವ ಅರ್ಥದ ಬೇರಿನಿಂದ. ಕಡಿದ ತುಂಡು ಅದು. ಆ ದಾರಿ ಬಿಟ್ಟೆ.

ಇಷ್ಟು ಹುಡುಕುವಾಗ ಒಂದು ವಿಷಯ ಮನಸ್ಸಿಗೆ ನಾಟಿತು. ನಾವು ಹುಡುಕುವ ಗಮನ ನಮ್ಮ ಕ್ರಿಯಾಪದಗಳಲ್ಲೇ ಇತ್ತು. ಸೊಂಟಕ್ಕೆ ಸುತ್ತಿಕೊಳ್ಳುವುದನ್ನು ಉಡುತ್ತೇವೆ. ಕೈ ತೂರಿಸುವುದನ್ನು ತೊಡುತ್ತೇವೆ, ಅಂಗಿಯ ಹಾಗೆ ಬಳೆಯನ್ನೂ ತೊಡುವುದು ಅದಕ್ಕೇ. ಶಾಲು ಹೊದೆಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ‘ಸೀರೆ ಉಟ್ಟೆ’ ಸರಿ, ‘ಅಂಗಿ ಉಟ್ಟೆ’ ಕಿವಿಗೆ ಒರಟು. ಬಟ್ಟೆ ಮೈಯ ಮೇಲೆ ಹೇಗೆ ಕೂರುತ್ತದೆ ಅನ್ನುವುದನ್ನು ನೋಡದೆ ಈ ಮಾತು ಆಡಲು ಬರುವುದಿಲ್ಲ. ಈಗ ಎಲ್ಲದಕ್ಕೂ ‘ಹಾಕು’ ಒಂದೇ. ಸೀರೆಯನ್ನೂ ‘ಹಾಕಿಕೊಂಡೆ’ ಅನ್ನುವುದು ಕೇಳಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನೊಂದು ಜೋಡಿ ‘ಒಗ್ಗು’ ಮತ್ತು ‘ಒಪ್ಪು’. ಬಟ್ಟೆ ಮೈಗೆ ಒಗ್ಗಬೇಕು, ಕಣ್ಣಿಗೆ ಒಪ್ಪಬೇಕು. ಬೆವರು ಹೀರದ ಅಂಗಿಯ ಬಣ್ಣ ಎಷ್ಟೇ ಒಪ್ಪಿದರೂ ಸೆಕೆಯಲ್ಲಿ ಮೈಗೆ ಒಗ್ಗುವುದಿಲ್ಲ. ಯಾರ ಕಣ್ಣಿಗೆ ಒಪ್ಪಬೇಕು? ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅನ್ನುವ ಗಾದೆ ಅದನ್ನು ನೋಡುವವರಿಗೆ ಬಿಟ್ಟುಕೊಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ‘ಈ ಬಣ್ಣ ನನಗೆ ಒಪ್ಪುತ್ತದೆ’ ಅನ್ನುವಾಗ ಒಪ್ಪುವುದು ಬಣ್ಣ. ‘ಇದನ್ನು ನಾನು ಒಪ್ಪುತ್ತೇನೆ’ ಅನ್ನುವಾಗ ಒಪ್ಪುವವಳು ನಾನು. ಒಂದೇ ಮಾತಿನಲ್ಲಿ ಎರಡೂ ಇರುವುದರಿಂದ ‘ಒಪ್ಪಿ ಉಡುವುದು’, ‘ಒಪ್ಪಿ ತೊಡುವುದು’ ಅಂತ ಬಳಸಲು ಮನಸ್ಸಾಗಿದೆ.

ತೊಡಕು ಒಂದೇ. ‘ಕೊನೆಗೆ ಒಪ್ಪಿದೆ’ ಅಂದಾಗ ಮಣಿದ ಭಾವವೂ ಬರುತ್ತದೆ. ‘ಒಪ್ಪಿ ಉಟ್ಟೆ’ ಅಂದರೆ ಯಾರದೋ ಒತ್ತಾಯಕ್ಕೆ ಉಟ್ಟೆ ಅಂತ ನಿಮಗೆ ಕೇಳಿಸುತ್ತದೆಯೇ? ಹಾಗಿದ್ದರೆ ‘ಆಯ್ದುಡು’ ಹೇಗೆ? ಅದರಲ್ಲಿ ಹೆಕ್ಕುವ ಕೆಲಸವಿದೆ, ಆದರೆ ಯಾಕೆ ಹೆಕ್ಕಿದೆ ಅನ್ನುವುದು ಕಾಣುವುದಿಲ್ಲ.

ನಿಮ್ಮ ಮನೆಮಾತಿನಲ್ಲಿ ಇದಕ್ಕೆ ಹತ್ತಿರದ ಬಳಕೆ ಇದ್ದರೆ, ಅದನ್ನು ಆಡುವ ಪೂರ್ತಿ ವಾಕ್ಯದ ಜೊತೆ ದಯವಿಟ್ಟು ಬರೆಯಿರಿ.