ಫೈರ್‌ವಾಲ್‌ನ ಒಂದು ಪವರ್ ಸಪ್ಲೈ ಆರೆಂಜ್, ಮುಂದೆ ಅಲಾರ್ಮ್ ಕೆಂಪು: ಮಾಡ್ಯೂಲ್ ಬದಲಿಸಬೇಕೇನ್ರಿ?

ನವನಗರ_ಐಟಿ:
ನಮಸ್ಕಾರ್ರಿ. ಬಾಗಲಕೋಟೆ ನವನಗರದಾಗ ಒಂದು ಸಹಕಾರಿ ಸಂಘದ ಆಫೀಸು. 1ಯು ರ‍್ಯಾಕ್ ಫೈರ್‌ವಾಲ್, ಅಂದ್ರ ನೆಟ್‌ನಿಂದ ಬ್ಯಾಡಾದ್ದು ಒಳಗ ಬರದಂಗ ತಡಿಯೂ ತೆಳ್ಳನ ಪೆಟ್ಟಿಗಿ, ಹಿಂದೆ ಎರಡು ಪವರ್ ಸಪ್ಲೈ ಮಾಡ್ಯೂಲ್. ನಿನ್ನೆ ಕರೆಂಟ್ ಹೋಗಿ ಬಂದಮ್ಯಾಲೆ ಎರಡನೇ ಪವರ್ ಸಪ್ಲೈ ಲೈಟ್ ಆರೆಂಜ್ ಆಗೈತಿ, ಮುಂದಿನ ಅಲಾರ್ಮ್ ಲೈಟ್ ಕೆಂಪು. ಸ್ಟೇಟಸ್ ಹಸಿರೇ ಐತಿ, ನೆಟ್ ಮತ್ತ ವಿಪಿಎನ್ ಎರಡೂ ನಡದಾವ. ಎರಡೂ ಕೇಬಲ್ ಒಂದ 1 ಕೆವಿಎ ಯುಪಿಎಸ್‌ನ ಸ್ಪೈಕ್ ಬಸ್ಟರ್‌ಗೆ ಹಚ್ಚೇವಿ. ವಾರಂಟಿ ಮುಗದೈತಿ. ಹೊಸ ಮಾಡ್ಯೂಲ್ ತರಿಸೂಕಿಂತ ಮದ್ಲ ಎರಡೂ ಕೇಬಲ್ ಅದಲು ಬದಲು ಮಾಡಿ ನೋಡ್ಲೇನ್ರಿ? ಎಚ್‌ಎ ಜೋಡಿ (ಒಂದು ಹೋದ್ರ ಕೆಲಸ ಹಿಡಿಯೂ ಇನ್ನೊಂದು ಫೈರ್‌ವಾಲ್) ಇಲ್ಲ, ಇರೂದು ಒಂದ ಬಾಕ್ಸ್.

ಉದ್ಯಮಬಾಗ್_ನೆಟ್:
ಅದಲು ಬದಲು ಮಾತ್ರ ಮಾಡಬ್ಯಾಡ್ರಿ. ಈಗ ಬಾಕ್ಸ್ ನಿಂತಿರೂದು ಒಂದನೇ ಪವರ್ ಸಪ್ಲೈ ಮ್ಯಾಲೆ ಅಷ್ಟ. ಅದರ ಕೇಬಲ್ ತಗದ್ರಿ ಅಂದ್ರ ಫೈರ್‌ವಾಲ್ ಪೂರ್ತಿ ಬಂದ್ ಆಗ್ತೈತಿ, ಡಿಸ್ಕ್‌ಗೆ ಲಾಗ್ ಬರಿಯೂ ಹೊತ್ತಿನ್ಯಾಗ ಹಂಗಾದ್ರ ಫೈಲ್ ಸಿಸ್ಟಂ ಕೆಡಬಹುದು. ಬೇರೆ ಮೂರನೇ ಕೇಬಲ್ ತಗೊಳ್ರಿ. ಮಾನಿಟರ್‌ಗೆ ಹಚ್ಚೂ ಸಿ13 ಕೇಬಲ್ ಬಹಳಷ್ಟು 1ಯು ಬಾಕ್ಸ್‌ಗೆ ಕೂಡ್ತೈತಿ, ಅದರ ಮ್ಯಾಲೆ 10 ಆಂಪಿಯರ್ ಅಂತ ಬರದಿರಬೇಕು.

ಮುಂದಿನ ಅಲಾರ್ಮ್ ಲೈಟ್ ‘ಏನೋ ಒಂದು ಸರಿ ಇಲ್ಲ’ ಅಂತ ಅಷ್ಟ ಹೇಳ್ತೈತಿ. ಫ್ಯಾನ್ ನಿಂತ್ರೂ ಅದ, ಕಾವು ಏರಿದ್ರೂ ಅದ, ಪವರ್ ಸಪ್ಲೈ ಹೋದ್ರೂ ಅದ. ಯಾವುದು ಅನ್ನೂದನ್ನ ಮಾಡ್ಯೂಲ್ ಮ್ಯಾಲಿನ ಲೈಟ್ ನೋಡಿ, ಕಮಾಂಡ್ ಹೊಡದು ತಿಳ್ಕೋಬೇಕು. ಫೋರ್ಟಿಗೇಟ್ ಆದ್ರ ‘ಎಕ್ಸಿಕ್ಯೂಟ್ ಸೆನ್ಸರ್ ಲಿಸ್ಟ್’, ಸಿಸ್ಕೋ ಎಎಸ್‌ಎ ಆದ್ರ ‘ಶೋ ಎನ್ವಿರಾನ್‌ಮೆಂಟ್’, ಪಾಲೋ ಆಲ್ಟೋ ಆದ್ರ ‘ಶೋ ಸಿಸ್ಟಂ ಎನ್ವಿರಾನ್‌ಮೆಂಟಲ್ಸ್’. ಏನ ಮಾಡೂಕೂ ಮದ್ಲ ಕಾನ್ಫಿಗರೇಶನ್ ಬ್ಯಾಕಪ್ ಲ್ಯಾಪ್‌ಟಾಪ್‌ಗೆ ಇಳಿಸ್ಕೊಳ್ರಿ.

ಆರೆಂಜ್ ಅಂದ ಕೂಡ್ಲೆ ಮಾಡ್ಯೂಲ್ ಸುಟ್ಟೈತಿ ಅಂತ ತಿಳೀಬ್ಯಾಡ್ರಿ. ಎಷ್ಟೋ ಮಾಡೆಲ್‌ನಾಗ ಮಾಡ್ಯೂಲ್‌ಗೆ ಎಸಿ (ಸಾಕೆಟ್‌ನ ಕರೆಂಟ್) ಬರದಿದ್ರೂ ಬಾಜೂ ಮಾಡ್ಯೂಲ್‌ನಿಂದ ಬರೂ ಸ್ಟ್ಯಾಂಡ್‌ಬೈ ಕರೆಂಟ್‌ನಿಂದ ಲೈಟ್ ಆರೆಂಜ್ ಉರೀತೈತಿ. ಕೇಬಲ್ ಸಡಿಲಾದ್ರೂ ಆರೆಂಜ್, ಒಳಗಿನ ಸರ್ಕ್ಯೂಟ್ ಹೋದ್ರೂ ಆರೆಂಜ್. ನಿಮ್ಮ ಮಾಡೆಲ್‌ನಾಗ ಹಿಡದ ಉರಿಯೂದಕ್ಕ ಏನರ್ಥ, ಮಿಣುಕೂದಕ್ಕ ಏನರ್ಥ ಅನ್ನೂದು ಹಾರ್ಡ್‌ವೇರ್ ಗೈಡ್‌ನ ಎಲ್‌ಇಡಿ ಕೋಷ್ಟಕದಾಗ ಇರ್ತೈತಿ.

ಈಗ ಕೆಲಸ: ಆರೆಂಜ್ ಇರೂ ಮಾಡ್ಯೂಲ್‌ನ ಕೇಬಲ್ ತಗೀರಿ. ಒಂದು ನಿಮಿಷ ಹಂಗ ಬಿಡ್ರಿ. ವೋಲ್ಟೇಜ್ ಜಿಗದಾಗ ಪವರ್ ಸಪ್ಲೈ ತನ್ನನ್ನ ತಾನ ಬಂದ್ ಮಾಡ್ಕೊಂಡು ಕುಂತಿರ್ತೈತಿ, ಎಸಿ ಪೂರ್ತಿ ತಗದು ಒಳಗಿನ ಕೆಪಾಸಿಟರ್ ಖಾಲಿ ಆಗೂ ತನಕ ಅದು ಬಿಡುಗಡೆ ಆಗಂಗಿಲ್ಲ. ಆಮ್ಯಾಲೆ ಮೂರನೇ ಕೇಬಲ್‌ನ ಬೇರೆ ಸಾಕೆಟ್‌ಗೆ, ಅಂದ್ರ ಆ ಸ್ಪೈಕ್ ಬಸ್ಟರ್ ಬಿಟ್ಟು, ಹಚ್ರಿ. ಹಸಿರಾದ್ರ ತಪ್ಪು ಕೇಬಲ್‌ನಾಗ ಇಲ್ಲಾ ಸಾಕೆಟ್‌ನಾಗ, ಇಲ್ಲಾಂದ್ರ ಮಾಡ್ಯೂಲ್ ತಾನ ಬಂದ್ ಆಗಿ ಕುಂತಿತ್ತು ಅಂತ. ಆಗಲಿಲ್ಲ ಅಂದ್ರ ಕೇಬಲ್ ತಗದು, ಲಾಕ್ ಒತ್ತಿ, ಮಾಡ್ಯೂಲ್ ಹೊರಗ ಎಳದು, ಕೆಳಗ ಇನ್ನೊಂದು ಕೈ ಹಿಡೀರಿ. ಹಿಂದಿನ ಕನೆಕ್ಟರ್ ನೋಡ್ರಿ, ‘ಟಕ್’ ಅನ್ನೂ ತನಕ ಮತ್ತ ಒಳಗ ದೂಡ್ರಿ. ಅರ್ಧ ಕುಂತ ಮಾಡ್ಯೂಲೂ ಆರೆಂಜ್ ತೋರಸ್ತೈತಿ. ಹಿಂಗ ಮಾಡ್ಯೂಲ್ ಎಳದು ಕೂಡಸೂದು ಹಾಟ್ ಸ್ವ್ಯಾಪ್ (ಬಾಕ್ಸ್ ನಡದಿದ್ದಾಗ ಮಾಡ್ಯೂಲ್ ತಗದು ಹಾಕಬಹುದು) ಅಂತ ಗೈಡ್‌ನಾಗ ಬರದಿದ್ರ ಮಾತ್ರ. ಖಾಲಿ ಜಾಗಾ ತಗದು ಇಟ್ಟು ಬಾಕ್ಸ್ ನಡಸಬ್ಯಾಡ್ರಿ, ಗಾಳಿ ಹೋಗೂ ದಾರಿ ತಪ್ಪತೈತಿ.

ಹೊಸದು ತರಿಸಿದ್ರ ಪಾರ್ಟ್ ನಂಬರ್ ಹಳೇದರದ್ದ ಇರಲಿ. ವ್ಯಾಟ್ ಒಂದ ಆದ್ರೂ ಫ್ಯಾನ್ ಗಾಳಿ ಉಲ್ಟಾ ದಿಕ್ಕಿಗೆ ಊದೂ ಮಾಡ್ಯೂಲ್ ಮಾರ್ಕೆಟ್‌ನಾಗ ಸಿಗ್ತಾವ.

ಗುಮ್ಮಟದೂರು:
ಮೇಲಿನವರು ಹೇಳಿದ ಕ್ರಮ ಸರಿ. ಅದರ ಜೊತೆಗೆ, ಎರಡೂ ಕೇಬಲ್ ಒಂದೇ ಸ್ಪೈಕ್ ಬಸ್ಟರ್‌ಗೆ ಹೋಗಿರುವುದನ್ನು ಮೊದಲು ಸರಿಪಡಿಸಿ ಸರ್. ಈಗಿರುವ ಹಾಗಿದ್ದರೆ ಮಾಡ್ಯೂಲ್ ಕೆಟ್ಟಾಗ ಮಾತ್ರ ಎರಡನೆಯದರಿಂದ ಉಪಯೋಗ. ಯುಪಿಎಸ್ ಬ್ಯಾಟರಿ ಕೈಕೊಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಒಂದನ್ನು ಈ ಯುಪಿಎಸ್‌ಗೆ, ಇನ್ನೊಂದನ್ನು ಬೇರೆ ಯುಪಿಎಸ್‌ಗೆ ಕೊಡಿ. ಎರಡನೇ ಯುಪಿಎಸ್‌ಗೆ ಈಗ ದುಡ್ಡಿಲ್ಲವೆಂದರೆ ಬೇರೆ ಎಂಸಿಬಿಯಿಂದ ಬರುವ ಗೋಡೆ ಸಾಕೆಟ್‌ಗೆ, ಮಧ್ಯೆ ಸ್ಟೆಬಿಲೈಸರ್ ಇಟ್ಟು ಕೊಟ್ಟರೂ ಈಗಿನದಕ್ಕಿಂತ ಎಷ್ಟೋ ವಾಸಿ. ಎರಡೂ ಸರಿ ಇದ್ದಾಗ ಲೋಡ್ ಹೆಚ್ಚೂಕಡಿಮೆ ಅರ್ಧರ್ಧ ಹಂಚಿಹೋಗುತ್ತದೆ, ಒಂದು ಹೋದರೆ ಪೂರ್ತಿ ಇನ್ನೊಂದರ ಮೇಲೆ. ಹಾಗಾಗಿ ಎರಡು ಯುಪಿಎಸ್‌ಗೂ ಪೂರ್ತಿ ಲೋಡಿನ ಲೆಕ್ಕವನ್ನೇ ಹಿಡಿಯಬೇಕು. 120 ವ್ಯಾಟ್ ಎಳೆಯುವ ಬಾಕ್ಸ್ 230 ವೋಲ್ಟ್‌ನಲ್ಲಿ ಅರ್ಧ ಆಂಪಿಯರಿಗಿಂತ ತುಸು ಹೆಚ್ಚು, ಅಷ್ಟೇ.

ಕರೆಂಟ್ ಕಡಿದ ಮೇಲೆ ಇಂಥ ಪವರ್ ಸಪ್ಲೈ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡ್ ತಡೆಯುತ್ತದೆ. ಒಳ್ಳೆಯ ಲೈನ್ ಇಂಟರಾಕ್ಟಿವ್ ಯುಪಿಎಸ್ 4ರಿಂದ 10 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಹೊರಳುತ್ತದೆ, ನಡೆಯುತ್ತದೆ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಬೇಡ. ಹೊರಳುವುದೂ ನಿಧಾನ, ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈಗೆ ಆ ಅಲೆಯೂ ಒಗ್ಗುವುದಿಲ್ಲ. ಆನ್‌ಲೈನ್ ಯುಪಿಎಸ್ ಯಾವಾಗಲೂ ತನ್ನ ಇನ್ವರ್ಟರ್‌ನಿಂದಲೇ ಕರೆಂಟ್ ಕೊಡುತ್ತಿರುತ್ತದೆ, ಅದಾದರೆ ಹೊರಳುವ ಪ್ರಶ್ನೆಯೇ ಇಲ್ಲ.

ಅರ್ತಿಂಗ್ ಕೂಡ ನೋಡಿ. ಸಾಕೆಟ್‌ನಲ್ಲಿ ಮೀಟರ್ ಹಿಡಿದರೆ ಫೇಸ್‌–ನ್ಯೂಟ್ರಲ್ 230ರ ಆಸುಪಾಸು, ಫೇಸ್‌–ಅರ್ತ್ ಅಷ್ಟೇ, ನ್ಯೂಟ್ರಲ್‌–ಅರ್ತ್ 3 ವೋಲ್ಟ್‌ಗಿಂತ ಕಡಿಮೆ ಇರಬೇಕು. ನಮ್ಮ ಕಡೆ ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ತ್ ಕೊಳವೆಯಿಂದ ಬಿಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಿ ಅಳೆದದ್ದು ಏಪ್ರಿಲ್‌ನಲ್ಲಿ ಸುಳ್ಳಾಗಿರುತ್ತದೆ. ಗುಂಡಿಗೆ ನೀರು ಹಾಕುವ ಕೆಲಸವನ್ನು ಯಾರಿಗಾದರೂ ವಹಿಸಿಬಿಡಿ. ಆಫೀಸಿನ ಹೊಣೆಗಾರ ಎಲೆಕ್ಟ್ರಿಷಿಯನ್ ಇದ್ದರೆ ಅಳತೆ ಅವರಿಂದಲೇ ಮಾಡಿಸಿ.

ನವನಗರ_ಐಟಿ:
ಇಬ್ಬರಿಗೂ ಶರಣ್ರಿ. ಮೂರನೇ ಕೇಬಲ್‌ನ ಗೋಡೆ ಸಾಕೆಟ್‌ಗೆ ಹಚ್ಚಿದ ಕೂಡ್ಲೆ ಹಸಿರಾತು, ಸ್ವಲ್ಪ ಹೊತ್ತಿಗೆ ಅಲಾರ್ಮೂ ಆರಿತು. ಸ್ಪೈಕ್ ಬಸ್ಟರ್‌ನ ಆ ಸಾಕೆಟ್‌ನಾಗ ವೋಲ್ಟೇಜ ಬರವಲ್ದು, ಪಿನ್ ಕೂಡೂ ಜಾಗಾ ಕರ್ರಗಾಗೈತಿ. ಬ್ಯಾರೆ ಯುಪಿಎಸ್‌ಗೆ ಕೊಟೇಶನ್ ಕೇಳೇವಿ. ಇನ್ನೊಂದು: ಜಮಖಂಡಿ ಶಾಖೆಯಾಗಿನ ಸಣ್ಣ ಫೈರ್‌ವಾಲ್, ಅಡಾಪ್ಟರ್ ಮ್ಯಾಲೆ ನಡಿಯೂದು, ಪವರ್ ಲೈಟ್ ಹಸಿರು ಆದ್ರ ಸ್ಟೇಟಸ್ ಮಿಣುಕ್ಕೋತ ಇರ್ತೈತಿ, ನೆಟ್ ಬರಂಗಿಲ್ಲ. ಅದೂ ಇಂಥದ್ದೇನ್ರಿ?

ಉದ್ಯಮಬಾಗ್_ನೆಟ್:
ಕರ್ರಗಾದ ಆ ಸ್ಪೈಕ್ ಬಸ್ಟರ್ ಇವತ್ತ ತಗದು ಒಗೀರಿ. ಬಾಕಿ ಸಾಕೆಟ್ ನಡದಾವ ಅಂತ ಇಟ್ಕೋಬ್ಯಾಡ್ರಿ, ಸಡಿಲ ಪಿನ್ ಕಾಯ್ದು ಬೆಂಕಿ ಹತ್ತೂದು ಇಂಥದ್ದರಿಂದನ.

ಜಮಖಂಡಿದಕ್ಕ: ಸ್ಟೇಟಸ್ ಹಸಿರು ಮಿಣುಕೂದು ಸಾಮಾನ್ಯವಾಗಿ ಬೂಟ್ ಆಗಾಕತ್ತೈತಿ ಅಂತ. ಐದು ನಿಮಿಷ ಬಿಟ್ಟ ಮ್ಯಾಲೂ ಮಿಣುಕಿದ್ರ ಅಡಾಪ್ಟರ್ ಮ್ಯಾಲೆ ಸಂಶಯ ಪಡ್ರಿ. ಹಳೇ ಅಡಾಪ್ಟರ್ ಬಿಚ್ಚಿ ಅಳದ್ರ 12 ವೋಲ್ಟ್ ಸರಿಯಾಗೇ ತೋರಸ್ತೈತಿ, ಲೋಡ್ ಬಿದ್ದಾಗ 10ಕ್ಕ ಇಳೀತೈತಿ. ಪವರ್ ಲೈಟ್‌ಗೆ ಅಷ್ಟು ಸಾಕು, ಪ್ರೊಸೆಸರ್‌ಗೆ ಸಾಕಾಗಂಗಿಲ್ಲ, ಅರ್ಧಕ್ಕ ಬೂಟ್ ಆಗಿ ಮತ್ತ ಮದ್ಲಿಂದ ಸುರು. ಬದಲಿ ಅಡಾಪ್ಟರ್‌ನಾಗ ವೋಲ್ಟೇಜ್ ಪೆಟ್ಟಿಗಿ ಮ್ಯಾಲೆ ಬರದಷ್ಟ ಇರಬೇಕು, ಆಂಪಿಯರ್ ಅಷ್ಟು ಇಲ್ಲಾ ಜಾಸ್ತಿ, ಪಿನ್ನಿನ ನಡು ಪ್ಲಸ್ಸೋ ಮೈನಸ್ಸೋ ಅನ್ನೂ ಗುರುತು ಎರಡರ ಮ್ಯಾಲೂ ಒಂದ ಇರಬೇಕು. ಅಡಾಪ್ಟರ್ ಬದಲಿಸಿದ್ರೂ ಹಂಗ ಇದ್ರ ಕನ್ಸೋಲ್ ಕೇಬಲ್ (ಬಾಕ್ಸ್‌ನ ಸಂದೇಶ ಲ್ಯಾಪ್‌ಟಾಪ್‌ನಾಗ ತೋರಸೂ ಕೇಬಲ್) ಹಚ್ಚಿ ಬೂಟ್ ಎಲ್ಲಿ ನಿಲ್ತೈತಿ ನೋಡಿ, ಆ ಸಾಲು ಇಲ್ಲಿ ಹಾಕ್ರಿ. ಹೊಸ ಫರ್ಮ್‌ವೇರ್ ಹಾಕಾಕತ್ತಿದ್ದಾಗ ಮಿಣುಕೂದು ಸುರು ಆಗಿದ್ರ ಮಾತ್ರ ಈ ಐದು ನಿಮಿಷದ ಲೆಕ್ಕ ಹಿಡೀಬ್ಯಾಡ್ರಿ, ಕನ್ಸೋಲ್‌ನಾಗ ನೋಡೂ ತನಕ ಪವರ್ ತಗೀಬ್ಯಾಡ್ರಿ.