ವಯಸ್ಸಾದ ತಂದೆ-ತಾಯಿಯೊಂದಿಗೆ ಬಾಖರಾಖ್: ಹೋಗಿಬಂದವರ ಅನುಭವ

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ-ಅಮ್ಮ ಫ್ರಾಂಕ್‌ಫರ್ಟ್‌ಗೆ ಬರಲಿದ್ದಾರೆ. ಇಬ್ಬರೂ ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು, ಅಮ್ಮನಿಗೆ ಮಂಡಿನೋವು. ರೈನ್ ದಂಡೆಯ ಹಳೆಯ ಕೋಟೆಯೂರು ಬಾಖರಾಖ್‌ನಲ್ಲಿ ಒಂದು ರಾತ್ರಿ ತಂಗಬಹುದೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ: ಅಗತ್ಯವಾಗಿ ತಂಗಿ. ಹಗಲಿನ ಪ್ರವಾಸಿಗರು ಹಿಂತಿರುಗಿದ ಮೇಲೆ, 1368ರದೆಂದು ಹೇಳಲಾಗುವ 'ಆಲ್ಟೆಸ್ ಹೌಸ್' ಎಂಬ ಮರದ ಚೌಕಟ್ಟಿನ ಮನೆಯ ಮುಂದೆ ಯಾರ ಅಡ್ಡಿಯೂ ಇಲ್ಲದೆ ನಿಂತು ನೋಡಬಹುದು. ಆದರೆ ಕೋಣೆಯನ್ನು ವಿಚಾರಿಸಿಯೇ ಕಾದಿರಿಸಿ. ಮೈಂಟ್ಸ್–ಕೋಬ್ಲೆಂಟ್ಸ್ ರೈಲುಮಾರ್ಗವು ನದಿಯ ಕಡೆಯ ಕೋಟೆಗೋಡೆಗೆ ಒತ್ತಿಕೊಂಡೇ ಹಾದುಹೋಗುವುದರಿಂದ ಮತ್ತು ಸರಕು ರೈಲುಗಳು ರಾತ್ರಿಯಿಡೀ ಓಡಾಡುವುದರಿಂದ, ನದಿನೋಟದ ಕೋಣೆಗಿಂತ ಬೆಟ್ಟದ ಮಗ್ಗುಲಿನ ಕೋಣೆಯೇ ಮೇಲು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪವಾದ್ದರಿಂದ ನೆಲಮಹಡಿಯನ್ನೇ ಕೇಳಿ.

ಗೋಡೆಯ ಮೇಲೆ ನಡೆಯಲು ಮೆಟ್ಟಿಲು ಹತ್ತಲೇಬೇಕು. ಕೆಂಪು ಮರಳುಗಲ್ಲಿನ ವೆರ್ನರ್ ಪ್ರಾರ್ಥನಾಮಂದಿರದ ಅವಶೇಷಕ್ಕೂ ಮೆಟ್ಟಿಲುಗಳೇ. ಅದನ್ನು ದಾಟಿ ಮೇಲೇರಿದರೆ ಸಿಗುವ ಷ್ಟಾಲೆಕ್ ಕೋಟೆ ಈಗ ಯುವಜನರ ವಸತಿಗೃಹವಾಗಿದೆ. ಆ ಏರಿಗೆ ಅಮ್ಮನವರನ್ನು ಒತ್ತಾಯಿಸದಿರುವುದೇ ಒಳಿತು. ಕೆಳಗಿನ ಬೀದಿಗಳಿಂದಲೇ ಕೋಟೆಯೂ ಕಡಿದಾದ ದ್ರಾಕ್ಷಿತೋಟಗಳೂ ಕಾಣುತ್ತವೆ. ಬೀದಿಗೆ ಕಲ್ಲು ಹಾಸಿರುವುದರಿಂದ ಚಪ್ಪಲಿ ಬೇಡ, ಷೂ ಇರಲಿ.

ಇನ್ನೊಂದು ಉತ್ತರ: ಊಟದ ವಿಷಯವನ್ನು ಸೇರಿಸುತ್ತೇನೆ. ತೆಳುರೊಟ್ಟಿಯ ಮೇಲೆ ಕೆನೆ, ಈರುಳ್ಳಿ ಹರಡಿ ಸುಡುವ ಫ್ಲಾಮ್‌ಕೂಖನ್ ಮೇಲೆ ಸಾಮಾನ್ಯವಾಗಿ ಹಂದಿಮಾಂಸದ ಚೂರುಗಳಿರುತ್ತವೆ. 'ಓನೆ ಷ್ಪೆಕ್' ಎಂದರೆ ಅದಿಲ್ಲದೆ ಮಾಡಿಕೊಡುತ್ತಾರೆ. ಸಸ್ಯಾಹಾರವೆಂದು ಹಲವರು ಸೂಚಿಸುವ ಕೇಸೆಷ್ಪೆಟ್ಸ್ಲೆ ಎಂಬ, ಚೀಸ್ ಬೆರೆಸಿದ ನೂಡಲ್ಸ್‌ನಂಥ ತಿನಿಸಿನ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಆ ತಿಂಗಳಲ್ಲಿ ಎಲ್ಲೆಡೆ ಕಾಣುವ ಈರುಳ್ಳಿ ಕೇಕಿನಲ್ಲಂತೂ ಮೊಟ್ಟೆ, ಹಂದಿಮಾಂಸ ಎರಡೂ ಇರುವುದುಂಟು. ಮದ್ಯ ಮುಟ್ಟದವರು 'ಟ್ರೌಬನ್‌ಸಾಫ್ಟ್' ಎಂಬ ದ್ರಾಕ್ಷಿರಸವನ್ನು ಕೇಳಬಹುದು. ಅದೇ ಕಾಲದಲ್ಲಿ ಮಾರುವ ಫೆಡರ್‌ವೈಸರ್ ನೋಡಲು ಮಬ್ಬು ಪಾನಕದಂತಿದ್ದರೂ ಇನ್ನೂ ಹುದುಗುತ್ತಿರುವ ಮದ್ಯ. ಒಳಗಿನ ಗಾಳಿ ಹೊರಹೋಗಲೆಂದು ಅದರ ಮುಚ್ಚಳವನ್ನು ಬಿಗಿಯಾಗಿ ಹಾಕಿರುವುದಿಲ್ಲ, ಆದ್ದರಿಂದ ಬಾಟಲಿಯನ್ನು ಚೀಲದಲ್ಲಿ ಅಡ್ಡ ಮಲಗಿಸಿದರೆ ಬಟ್ಟೆಯೆಲ್ಲ ಒದ್ದೆ.

ನಡೆಯಲಾಗದವರಿಗೆ ದೋಣಿಯಾನವೇ ಸುಖ. ಬಾಖರಾಖ್‌ನಿಂದ ಹರಿವಿನೊಂದಿಗೆ ಲೊರೆಲೈ ಬಂಡೆಯನ್ನು ದಾಟಿ ಸಾಂಕ್ಟ್ ಗೋವಾರ್‌ವರೆಗೆ ಹೋಗಿ, ರೈಲಿನಲ್ಲಿ ಹಿಂತಿರುಗಿ. ಪ್ರವಾಹಕ್ಕೆ ಎದುರಾಗಿ ಬರುವ ದೋಣಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಮೊಸರು-ಹಣ್ಣುಗಳನ್ನು ಶನಿವಾರವೇ ಕೊಂಡಿಟ್ಟುಕೊಳ್ಳಿ.